ಆರನೆಯ ಶೇಂಗಾ

ಹಾನಗಲ್ಲಿನ ಮೈದಾನಕ್ಕೆ ನಾನು ಮೊದಲು ಕಾಲಿಟ್ಟದ್ದು ಕ್ರಿಕೆಟ್ಟಿಗಾಗಿ ಅಲ್ಲ, ಸಕ್ಕರೆ ಕಾಯಿಲೆಗಾಗಿ. ದಿನಾ ಮುಂಜಾನೆ ನಾಲ್ಕು ಸುತ್ತು ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಮೈದಾನದಲ್ಲಿ ನಡೆಯುವವನ ಕಾಲಿಗೆ ಚೆಂಡು ಉರುಳಿ ಬರುತ್ತದೆ. ಅದನ್ನು ಎತ್ತಿ ಎಸೆದರೆ ಆಡುವವರು ಮಾತಿಗೆ ಸಿಗುತ್ತಾರೆ. ಮಾತು ಬೆಳೆದರೆ ಒಂದು ದಿನ, "ಸರ, ಒಂದೀಟ ಅಂಪೈರ್ ನಿಂದರ್ರಿ" ಅನ್ನುತ್ತಾರೆ. ಹಾಗೆ ನಿಂತವನು ಏಳು ವರ್ಷದಿಂದ ನಿಂತೇ ಇದ್ದೇನೆ. ಸಕ್ಕರೆ ಇಳಿಯಲಿಲ್ಲ, ಗಂಟಲು ಮಾತ್ರ ಏರಿತು.

ನಾನು ಹೈಸ್ಕೂಲಿನ ಗಣಿತ ಮಾಸ್ತರ. ಅಲ್ಲಿ ಆಡುವ ಅರ್ಧಕ್ಕರ್ಧ ಮಂದಿ ನನ್ನಿಂದ ಕಿವಿ ಹಿಂಡಿಸಿಕೊಂಡವರೇ. ನನ್ನನ್ನು ಅಂಪೈರ್ ಮಾಡಲು ಅದೇ ಕಾರಣ. ಮೊದಲೆಲ್ಲ ಬ್ಯಾಟಿಂಗ್ ಮಾಡುವ ಕಡೆಯವನೊಬ್ಬ ಅಂಪೈರ್ ಆಗಿ ನಿಲ್ಲುವುದು ರೂಢಿ. ತಮ್ಮವನಿಗೆ ಔಟ್ ಕೊಡಲು ಯಾವನ ಬೆರಳೂ ಮೇಲೇಳುತ್ತಿರಲಿಲ್ಲ, ಎದ್ದರೆ ಆ ಬೆರಳು ಸರಿಯಾಗಿ ಮನೆ ಮುಟ್ಟುತ್ತಿರಲಿಲ್ಲ. ನಾನು ನಿಂತ ಮೇಲೆ ಜಗಳ ಕಡಿಮೆಯಾಯಿತು. ಮಾಸ್ತರ ಕೊಟ್ಟಿದ್ದು ಕೊಟ್ಟಂಗ ಅಂತ ಜನ ಒಪ್ಪಿಕೊಂಡರು. ಆ ಮಾತಿನಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮುಂಜಾನೆ ಆರಕ್ಕೆ ಆ ಮೈದಾನದಲ್ಲಿ ಯಾರಿರುವುದಿಲ್ಲ! ಗೌಂಡಿ ಕೆಲಸದವನು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ನನ್ನ ಹೆಗಲಿಗೆ ಹಾಕಿ ಬೌಲಿಂಗಿಗೆ ಓಡುತ್ತಾನೆ. ಬ್ಯಾಂಕಿನ ಕ್ಲರ್ಕ್ ಗಡಿಯಾರ ನೋಡುತ್ತ ನೋಡುತ್ತಲೇ ಇನ್ನೊಂದು ಓವರ್ ಬೇಡುತ್ತಾನೆ. ಇವರೆಲ್ಲ ಮೈ ಹಗುರಾಗಲೆಂದು ಆಡುವವರು. ಆದರೆ ಪ್ರತಿ ವರ್ಷ ನಾಲ್ಕೈದು ಮಂದಿ ಬೇರೆ ತರಹದವರು ಇದ್ದೇ ಇರುತ್ತಾರೆ. ಅವರು ಔಟಾದ ಮೇಲೆ ನಗುವುದಿಲ್ಲ, ಹೊಡೆದ ಮೇಲೆ ಕೂಗುವುದಿಲ್ಲ. ಹುಬ್ಬಳ್ಳಿಯ ಯಾವುದಾದರೂ ಕ್ಲಬ್ಬಿನಲ್ಲಿ ಲೆದರ್ ಬಾಲ್ ಆಡಬೇಕು, ಅಲ್ಲಿ ಯಾರದಾದರೂ ಕಣ್ಣಿಗೆ ಬೀಳಬೇಕು ಎಂಬ ಒಂದೇ ಜಪ ಅವರದು. ಅಂಥವರ ಆಟ ನೋಡುವಾಗ ನನಗೆ ಚಹಾ ಕೂಡ ನೆನಪಾಗುವುದಿಲ್ಲ.

ಅಂಪೈರಿನ ಕೆಲಸದಲ್ಲಿ ಕಷ್ಟದ್ದು ಔಟ್ ಕೊಡುವುದಲ್ಲ, ಎಣಿಸುವುದು. ಓವರಿಗೆ ಆರು ಚೆಂಡು. ಆಟದ ಗದ್ದಲದಲ್ಲಿ ಅದು ನಾಲ್ಕೋ ಐದೋ ಎಂದು ಎಂಥವನಿಗೂ ಗೊಂದಲವಾಗುತ್ತದೆ. ಅದಕ್ಕೆ ನಾನು ಆರು ಹುಣಸೆಬೀಜ ಇಟ್ಟುಕೊಂಡಿದ್ದೆ. ಓವರ್ ಶುರುವಾದಾಗ ಆರೂ ಬೀಜ ಪ್ಯಾಂಟಿನ ಎಡಗಿಸೆಯಲ್ಲಿ. ಒಂದು ಚೆಂಡು ಬಿತ್ತೋ, ಒಂದು ಬೀಜ ಬಲಗಿಸೆಗೆ. ವೈಡ್ ಬಿದ್ದರೆ ರನ್ ಒಂದು ಸಿಗುತ್ತದೆ, ಆದರೆ ಚೆಂಡು ಲೆಕ್ಕಕ್ಕಿಲ್ಲ, ಬೀಜ ಕದಲುವುದಿಲ್ಲ. ಎಡಗಿಸೆ ಬರಿದಾದರೆ ಓವರ್ ಮುಗಿಯಿತು.

ದಸರೆ ಮುಗಿದ ಮೇಲೆ ನಮ್ಮಲ್ಲಿ ಒಂದು ಪಂದ್ಯಾವಳಿ ನಡೆಯುತ್ತದೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ತಂಡಗಳು ಬರುತ್ತವೆ. ಟೆನಿಸ್ ಬಾಲ್, ಎಂಟು ಓವರಿನ ಆಟ. ಈ ಸಲ ಫೈನಲ್ಲಿಗೆ ಬಂದದ್ದು ಶಿಗ್ಗಾವಿ ತಾಲೂಕಿನ ತಡಸದ ತಂಡ ಮತ್ತು ಹಿರೇಕೆರೂರಿನ ತಂಡ. ಆ ದಿನ ಮುಂಜಾನೆ ನಾನು ಇಸ್ತ್ರಿ ಮಾಡಿದ ಬೇರೆ ಪ್ಯಾಂಟ್ ಹಾಕಿಕೊಂಡು ಹೊರಟೆ. ಹುಣಸೆಬೀಜ ಹಳೆಯ ಪ್ಯಾಂಟಿನಲ್ಲೇ ಉಳಿದವು. ಮೈದಾನಕ್ಕೆ ಬಂದ ಮೇಲೆ ಕಿಸೆ ಮುಟ್ಟಿ ನೋಡಿಕೊಂಡು ಪೇಚಾಡುತ್ತಿದ್ದಾಗ, ಆಟ ನೋಡಲು ಬಂದ ರೈತರೊಬ್ಬರು ಹೊಲದಿಂದ ಕಿತ್ತು ತಂದ ಶೇಂಗಾ ಗಿಡದ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತಿದ್ದರು.

"ತಗೋರಿ ಸರ, ಮುಂಜಾನಿ ಕಿತ್ತದ್ದು. ಇನ್ನೂ ಹಾಲು ಹಾಲು ಅದಾವು" ಎಂದು ಒಂದು ಹಿಡಿ ಕೊಟ್ಟರು.

ನಾನು ಆರು ಕಾಯಿ ಎಣಿಸಿ ಎಡಗಿಸೆಗೆ ಹಾಕಿದೆ, ಉಳಿದವನ್ನು ಸ್ಕೋರ್ ಬರೆಯುವವರ ಮುಂದೆ ಸುರಿದೆ. ಅವರು ಸವಣೂರಿನ ಎಲೆ ವ್ಯಾಪಾರಿ. ಅವರ ಊರಿನ ತಂಡ ಮೊದಲೇ ಸೋತಿದ್ದರಿಂದ ಯಾರ ಕಡೆಗೂ ಸೇರದವರೆಂದು ಪೆನ್ನು ಅವರ ಕೈಗೆ ಬಂದಿತ್ತು. ಬಾಯಲ್ಲಿ ಎಲೆ, ಬೆರಳಲ್ಲಿ ಸುಣ್ಣ, ತೊಡೆಯ ಮೇಲೆ ನೋಟ್‌ಬುಕ್. ಒಳ್ಳೆಯ ಮನುಷ್ಯರು.

ಕೊನೆಯ ಓವರ್ ಬಂತು. ತಡಸದವರಿಗೆ ಹನ್ನೊಂದು ರನ್ ಬೇಕು. ಬ್ಯಾಟ್ ಹಿಡಿದಿದ್ದವನು ಅವರ ತಂಡದ ಗಟ್ಟಿ ಆಟಗಾರ, ಇಪ್ಪತ್ತೈದರ ಆಸುಪಾಸಿನ ತರುಣ. ತಡಸದ ಹೆದ್ದಾರಿ ಬದಿಗೆ ಅವನದೊಂದು ಪಂಕ್ಚರ್ ಅಂಗಡಿ. ನಾನು ಹೇಳಿದೆನಲ್ಲ, ಔಟಾದರೂ ನಗದ, ಹೊಡೆದರೂ ಕೂಗದ ಜಾತಿ, ಅವನು ಅದೇ. ಬೌಲಿಂಗಿಗೆ ಬಂದವನು ಹಿರೇಕೆರೂರಿನವನು, ಬೀಜ-ಗೊಬ್ಬರದ ಅಂಗಡಿಯಲ್ಲಿ ಚೀಲ ಹೊತ್ತು ಗಟ್ಟಿಯಾದ ತೋಳಿನವನು. ಮೊದಲ ಚೆಂಡಿಗೆ ಎರಡು ರನ್. ಮುಂದಿನದು ಬ್ಯಾಟ್ಸ್‌ಮನ್ನನಿಂದ ಒಂದು ಮಾರು ದೂರ ಹೋಯಿತು. ನಾನು ಎರಡೂ ಕೈ ಚಾಚಿ ವೈಡ್ ಕೊಟ್ಟೆ.

ಹಿರೇಕೆರೂರಿನವರು ಮೈಮೇಲೆ ಬಂದರು. ಅದು ವೈಡ್ ಹೇಗೆ, ಬ್ಯಾಟು ತಾಗಿತ್ತು, ಸದ್ದು ಕೇಳಲಿಲ್ಲವೇ, ಹೀಗೆ. ನಾನು ಸುಮ್ಮನೆ ನಿಂತು ಕೇಳಿಸಿಕೊಂಡೆ. ಸುಮ್ಮನೆ ಅಂದರೆ, ಬಾಯಿ ಸುಮ್ಮನಿತ್ತು. ಕೈ ಏನು ಮಾಡುತ್ತಿತ್ತು ಎಂಬುದು ಆಗ ನನಗೇ ತಿಳಿಯಲಿಲ್ಲ. ಐದು ನಿಮಿಷಕ್ಕೆ ಗದ್ದಲ ಅಡಗಿ ಆಟ ಮುಂದುವರಿಯಿತು. ಎರಡು, ಮತ್ತೆ ಎರಡು. ಆಮೇಲೆ ಎರಡು ಚೆಂಡು ಬರಿದೇ ಹೋದವು. ಇನ್ನೂ ನಾಲ್ಕು ರನ್ ಬೇಕಿತ್ತು. ಎಡಗಿಸೆಗೆ ಕೈ ಹಾಕಿದೆ, ಬರಿದು. ಸ್ಟಂಪಿನ ಮೇಲಿನ ಗಿಲ್ಲಿ ಎತ್ತಿ ಆಟ ಮುಗಿಯಿತು ಎಂದೆ.

ಹಿರೇಕೆರೂರಿನವರು ಕುಣಿಯತೊಡಗಿದರು. ತಡಸದವನು ಮಾತ್ರ ಕ್ರೀಸ್ ಬಿಟ್ಟು ಅಲುಗಲಿಲ್ಲ. "ಸರ, ಇನ್ನ ಒಂದು ಚೆಂಡು ಐತ್ರಿ" ಎಂದ.

"ಇಲ್ಲ ತಮ್ಮಾ, ಆರು ಆದವು."

"ಐದ ಆಗ್ಯಾವ್ರಿ ಸರ. ಒಂದು ವೈಡ್ ಹೋಗೇತ್ರಿ."

ನಾನು ಸ್ಕೋರ್ ಬುಕ್ ತರಿಸಿದೆ. ಎರಡು, ಒಂದು, ಎರಡು, ಎರಡು, ಸೊನ್ನೆ, ಸೊನ್ನೆ. ಆರು ಗುರುತು ಇದ್ದವು. ಆ 'ಒಂದು' ವೈಡಿನದು ಎಂದು ಅವನು ಬೆರಳಿಟ್ಟು ತೋರಿಸಿದ. ಎಲೆ ವ್ಯಾಪಾರಿ ತಲೆ ಕೆರೆದುಕೊಂಡರು. ಅವರು ಗದ್ದಲದಲ್ಲಿ ವೈಡಿನ ಗುರುತು ಹಾಕಿದ್ದರೋ, ಓಡಿದ ರನ್ ಬರೆದಿದ್ದರೋ ಅವರಿಗೇ ನೆನಪಿಲ್ಲ. ವೈಡ್ ಕೊಟ್ಟವನು ನಾನೇ ಆದರೂ ಪುಸ್ತಕಕ್ಕಿಂತ ಕಿಸೆಯನ್ನು ನಂಬಿದೆ. ಅದು ಬರಿದಾಗಿತ್ತು, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಮೇಲಾಗಿ ಬಿಸಿಲು, ಹಸಿವು, ಸುತ್ತ ಜನ. ನನಗೆ ಸಿಟ್ಟು ಬಂತು.

"ಮೂವತ್ತು ವರ್ಷ ಗಣಿತ ಕಲಿಸೇನಿ. ಆರು ಎಣಸಾಕ ಬರೂದಿಲ್ಲೇನ ನನಗ? ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ!"

ಮೈದಾನವೆಲ್ಲ ನಕ್ಕಿತು. ಅವನ ತಂಡದವರೇ ಕೆಲವರು ನಕ್ಕರು. ಅವನು ನನ್ನ ಮುಖವನ್ನೊಮ್ಮೆ ನೋಡಿದ. "ಆತ್ರಿ ಸರ" ಎಂದ. ಅಂಚಿಗೆ ಹಳದಿ ಟೇಪು ಸುತ್ತಿದ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿಬಿಟ್ಟ. ಕಪ್ಪು ಹಿರೇಕೆರೂರಿಗೆ ಹೋಯಿತು.

ಮರುದಿನ ಮುಂಜಾನೆ ನಾನು ಚಹಾ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ನನ್ನ ಹೆಂಡತಿ ಒಗೆಯಲು ತೆಗೆದ ಬಟ್ಟೆಗಳ ಕಿಸೆ ನೋಡುತ್ತಿದ್ದಳು. ಪ್ಯಾಂಟಿನ ಬಲಗಿಸೆಯಿಂದ ಶೇಂಗಾ ತೆಗೆದು ಒಗೆಯುವ ಕಲ್ಲಿನ ಮೇಲೆ ಇಟ್ಟಳು. ಆಮೇಲೆ ಅಂಗಿಯ ಕಿಸೆಗೆ ಕೈ ಹಾಕಿ ಅಲ್ಲಿದ್ದದ್ದನ್ನೂ ಇಟ್ಟಳು.

"ರೀ, ಇವನ್ನೇನ ಮಾಡ್ಲಿ? ಐದು ಕಾಯಿ ಅದಾವು, ಒಂದು ಸಿಪ್ಪಿ ಐತಿ."

ಸಿಪ್ಪೆ! ಮೈದಾನದಲ್ಲಿ ಕಸ ಚೆಲ್ಲಬಾರದು ಎಂದು ಏಳು ವರ್ಷದಿಂದ ಎಲ್ಲರಿಗೂ ಬೈಯುತ್ತ ಬಂದವನು ನಾನು. ತಿಂದ ಶೇಂಗಾದ ಸಿಪ್ಪೆಯನ್ನು ಕೆಳಗೆ ಹಾಕದೆ ಅಂಗಿಯ ಕಿಸೆಯಲ್ಲಿಟ್ಟುಕೊಳ್ಳುವುದು ನನ್ನ ರೂಢಿ. ವೈಡಿನ ಗದ್ದಲದಲ್ಲಿ ಬಾಯಿ ಸುಮ್ಮನಿದ್ದಾಗ ಕೈ ಏನು ಮಾಡುತ್ತಿತ್ತು ಎಂದು ಈಗ ತಿಳಿಯಿತು. ಅದು ಎಡಗಿಸೆಯಿಂದ ಒಂದು ಕಾಯಿ ತೆಗೆದು, ಒಡೆದು, ಬಾಯಿಗೆ ಹಾಕಿತ್ತು. ಹಾಲುಗಾಳಿನ ಸಿಹಿ ನಾಲಿಗೆಗೆ ನೆನಪಾಯಿತು. ನಾನು ಒಬ್ಬ ಮನುಷ್ಯನ ಒಂದು ಚೆಂಡನ್ನು ತಿಂದು ಬಿಟ್ಟಿದ್ದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಶೇಂಗಾಕ್ಕೆ ಹೋಗಿತ್ತು. ಆದರೆ ಮಾನದ ಮಾತು ಹಾಗಿರಲಿ, ನನ್ನನ್ನು ತಿನ್ನುತ್ತಿದ್ದದ್ದು ಆ "ಆತ್ರಿ ಸರ". ಅವನು ಜಗಳ ಮಾಡಿದ್ದರೆ ಚೆನ್ನಾಗಿತ್ತು. ಸರಿಯಾಗಿ ಎಣಿಸಿದವನನ್ನು ತಪ್ಪು ಎಣಿಸಿದ ನಾನು ಹತ್ತೂರ ಜನರ ಮುಂದೆ ನಗೆಗೀಡು ಮಾಡಿದ್ದೆ. ನನಗೆ ನಾಚಿಕೆಯಾಯಿತು.

ಮೈದಾನದವರೂ ಪಂದ್ಯಾವಳಿಯ ತಂಡದವರೂ ಇದ್ದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದು ಹಾಕಿದೆ. ಅರ್ಧ ತಾಸಿನಲ್ಲಿ ಗುಂಪಿನ ತುಂಬ ಶೇಂಗಾ ಚಿತ್ರಗಳು. ಸಂಜೆ ಪೇಟೆಗೆ ಹೋದರೆ "ಐದು ಬಾಲ್ ಮಾಸ್ತರ ಬಂದ್ರು" ಎಂದು ಯಾರೋ ಹಿಂದಿನಿಂದ ಅಂದರು. ಸ್ಕೂಟರಿನ ಸೀಟಿನ ಮೇಲೆ ಒಂದು ಹಿಡಿ ಶೇಂಗಾ ಇಟ್ಟಿದ್ದರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಅವನ್ನೂ ತಿಂದೆ. ಪಂದ್ಯಾವಳಿ ನಡೆಸಿದವರಿಗೆ ಫೋನ್ ಮಾಡಿ, ಆ ಒಂದು ಚೆಂಡು ಆಡಿಸಬೇಕು ಎಂದೆ. ಅವರು ನಕ್ಕರು. "ಸರ, ಹಾಲು ಒಡದ ಮ್ಯಾಲ ಹೆಪ್ಪು ಹಾಕ್ತೀರೇನ್ರಿ? ಕಪ್ ಹೋಗೇತಿ, ಆಟ ಮುಗದೈತಿ, ಬಿಡ್ರಿ."

ನನ್ನ ತಲೆಯಲ್ಲಿ ಬುದ್ಧಿಗಿಂತ ಹಟ ಒಂದು ಹಿಡಿ ಹೆಚ್ಚು ಎಂದು ಹೆಂಡತಿ ಹೇಳುತ್ತಿರುತ್ತಾಳೆ. ಬಿಡಿ ಎಂದು ಅವರು ಅನ್ನದೆ ಇದ್ದಿದ್ದರೆ ಬಹುಶಃ ಬಿಡುತ್ತಿದ್ದೆನೇನೋ. ಮರು ಭಾನುವಾರ ಹುಬ್ಬಳ್ಳಿ ಬಸ್ಸು ಹತ್ತಿ ತಡಸದಲ್ಲಿ ಇಳಿದೆ.

ಪಂಕ್ಚರ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಹಳೆಯ ಟೈರುಗಳ ಗುಡ್ಡೆ, ಗಾಳಿಯ ಯಂತ್ರ, ಮುಂದೆ ನೆರಳಿಗೆ ಕಟ್ಟಿದ ನೀಲಿ ತಾಡಪಾಲು. ತಾಡಪಾಲಿನ ಒಂದು ಮೂಲೆಗೆ ಬಿದಿರಿನ ಗಳ, ಇನ್ನೊಂದು ಮೂಲೆಗೆ ಬ್ಯಾಟು. ಕಲ್ಲುಗಳನ್ನು ಪೇರಿಸಿ ಅವುಗಳ ಮೇಲೆ ಬ್ಯಾಟು ನಿಲ್ಲಿಸಿ, ಹಿಡಿಕೆಗೆ ತಾಡಪಾಲಿನ ಹಗ್ಗ ಬಿಗಿದಿದ್ದರು. ಅದೇ ಬ್ಯಾಟು, ಅಂಚಿಗೆ ಹಳದಿ ಟೇಪು ಸುತ್ತಿದ್ದು.

ಅವನು ಲಾರಿಯ ಗಾಲಿಯೊಂದನ್ನು ಬಿಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು ಕೈ ಒರೆಸಿಕೊಂಡ. "ಬರ್ರಿ ಸರ, ಕುಂದರ್ರಿ" ಎಂದು ಸ್ಟೂಲು ಕೊಟ್ಟ.

ನಾನು ಕೂಡುವ ಮೊದಲೇ ಹೇಳಿದೆ. ಐದು ಕಾಯಿ, ಒಂದು ಸಿಪ್ಪೆ, ಎಲ್ಲ. "ತಪ್ಪು ನಂದು ತಮ್ಮಾ. ನೀ ಎಣಸಿದ್ದ ಖರೆ ಇತ್ತು. ಆವತ್ತು ನಾ ಆಡಿದ ಮಾತೂ ತಪ್ಪು."

ಅವನು ಗಾಲಿಯ ಕಡೆ ನೋಡುತ್ತ, "ಗ್ರೂಪಿನ್ಯಾಗ ಓದೇನ್ರಿ ಸರ. ಇರ್ಲಿ ಬಿಡ್ರಿ" ಎಂದ.

"ಬ್ಯಾಟ್ ಯಾಕ ಅಲ್ಲಿ ಕಟ್ಟೀದಿ?"

"ಅವ್ವಗ ಮಾತು ಕೊಟ್ಟಿದ್ನಿರಿ. ಈ ಸಲ ಗೆದ್ರ ಇನ್ನೊಂದು ವರ್ಷ ಐತವಾರ ಹುಬ್ಬಳ್ಳಿಗೆ ಆಡಾಕ ಹೋಗ್ತೇನಿ, ಸೋತ್ರ ಬ್ಯಾಟ್ ಕೆಳಗ ಇಡ್ತೇನಿ ಅಂತ. ಸೋತ್ನಿ, ಇಟ್ಟೇನಿ."

"ನೀ ಸೋತಿಲ್ಲ. ಇನ್ನ ಒಂದು ಚೆಂಡು ಐತಿ."

"ಈಗ ಅದೆಲ್ಲಿ ಸಿಗತೈತ್ರಿ?" ಎಂದು ಅವನು ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟ. ಅದರಲ್ಲಿ ಸಿಟ್ಟು ಇತ್ತು. ನನಗೆ ಅದು ಸಮಾಧಾನ ತಂದಿತು. ಸಿಟ್ಟು ಇದೆ ಎಂದರೆ ಆಸೆ ಸತ್ತಿಲ್ಲ.

"ಹಾನಗಲ್ಲಿನ ಮೈದಾನದಾಗ ಸಿಗತೈತಿ. ಅದ ಬೌಲರ್, ಅದ ಅಂಪೈರ್. ನಾಕು ರನ್ ಬೇಕು. ನೀ ಹೂಂ ಅನ್ನೂತನಕ ನಾ ಈ ಸ್ಟೂಲ್ ಬಿಟ್ಟು ಏಳೂದಿಲ್ಲ."

ಅವನು ನಕ್ಕು ಕೆಲಸಕ್ಕೆ ಹೋದ. ನಾನು ಏಳಲಿಲ್ಲ. ಎರಡು ಲಾರಿ, ಒಂದು ಟ್ರ್ಯಾಕ್ಟರ್, ಆರು ಬೈಕು ಬಂದು ಹೋದವು. ಎರಡು ಸಲ ಚಹಾ ಕುಡಿಸಿದ. ಮಧ್ಯಾಹ್ನ ಬಿಸಿಲು ಸ್ಟೂಲಿನ ಮೇಲೆ ಬಂತು, ಸ್ಟೂಲನ್ನು ನೆರಳಿಗೆ ಎಳೆದುಕೊಂಡು ಮತ್ತೆ ಕೂತೆ. ಕೊನೆಗೆ ಅವನೇ ಸೋತು, "ಹಿರೇಕೆರೂರಿನಾಂವ ಬರ್ಲಿ ಮೊದ್ಲ. ಆಂವ ಬಂದ್ರ ನಾನೂ ಬರ್ತೇನ್ರಿ" ಎಂದ. ಬೌಲರ್ ಬರುವುದಿಲ್ಲ ಎಂಬ ಧೈರ್ಯ ಆ ಮಾತಿನಲ್ಲಿ ಕಾಣುತ್ತಿತ್ತು.

ನನಗೂ ಅದೇ ಅಳುಕಿತ್ತು. ಗೆದ್ದವನು ಯಾಕೆ ಬರಬೇಕು? ಮುಂದಿನ ಭಾನುವಾರ ತಿಳವಳ್ಳಿ, ಚಿಕ್ಕೇರೂರು ದಾಟಿ ಹಿರೇಕೆರೂರಿಗೆ ಹೋಗುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಬೌಲರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಗೊಬ್ಬರದ ಚೀಲ ಒಟ್ಟುತ್ತಿದ್ದ. ನಾನು ಶುರು ಮಾಡುವ ಮೊದಲೇ ಬೆನ್ನ ಮೇಲಿನ ಚೀಲ ಇಳಿಸಿ, ಅದರ ಮೇಲೇ ಕೂತುಬಿಟ್ಟ.

"ಸರ, ನನಗ ಅವತ್ತ ಗೊತ್ತಿತ್ರಿ" ಎಂದ.

"ಏನು?"

"ಐದ ಆಗಿದ್ವು ಅಂತ. ಅಂಪೈರ್ ಮರೀಬೌದು, ಬೌಲರ್ ಮರಿಯೂದಿಲ್ರಿ. ನನ್ನ ಕೈಯಾಗ ಎಣಿಕಿ ಇರತೈತಿ. ನೀವು ಗಿಲ್ಲಿ ಎತ್ತಿದ್ರಿ, ನಮ್ಮವ್ರು ನನ್ನ ಹೆಗಲ ಮ್ಯಾಲ ಹೊತ್ತು ಕುಣದ್ರು. ಆಗ ಹ್ಯಾಂಗ ಹೇಳ್ಲಿ? ಅಂದಿನಿಂದ ಆ ಕಪ್ ಕಡೆ ನೋಡಾಕ ಆಗವಲ್ದು."

ನಾನು ಒಬ್ಬನೇ ತಪ್ಪಿತಸ್ಥ ಎಂದುಕೊಂಡು ಇಷ್ಟು ದಿನ ಕೊರಗಿದ್ದೆ. ಇಲ್ಲೊಬ್ಬ ನನಗಿಂತ ಹೆಚ್ಚು ಕೊರಗುತ್ತಿದ್ದ. ಜೋಡಿಸಿಕೊಂಡು ಬಂದ ಮಾತು ಒಂದೂ ಬೇಕಾಗಲಿಲ್ಲ. "ಬರ್ತೀಯೇನು?" ಎಂದೆ. "ಬರ್ತೇನ್ರಿ. ಆದರ ಒಂದು ಮಾತು. ನಾ ಸುಮ್ನ ಹಾಕೂದಿಲ್ಲ. ಹಾಕಿದ್ರ ನನ್ನ ಚಲೋ ಚೆಂಡ ಹಾಕ್ತೇನಿ" ಎಂದ. ಹಾಗೇ ಆಗಲಿ ಎಂದೆ.

ದೀಪಾವಳಿ ಮುಗಿದ ಭಾನುವಾರ ಮುಂಜಾನೆ ಎಂಟಕ್ಕೆ ಎಂದು ನಿಗದಿಯಾಯಿತು. ಎಲ್ಲ ಸರಿಮಾಡಿದ ಸಮಾಧಾನದಲ್ಲಿ ನಾನು ಆರೂವರೆಗೇ ಮೈದಾನಕ್ಕೆ ಹೋದೆ. ಹೋಗಿ ನೋಡಿದರೆ ಮೈದಾನವೇ ಇಲ್ಲ! ಈ ತುದಿಯಿಂದ ಆ ತುದಿಗೆ ಗೋವಿನಜೋಳ. ಸುಗ್ಗಿ ಬಂತೆಂದರೆ ನಮ್ಮ ಕಡೆ ರಸ್ತೆ, ಅಂಗಳ, ಮೈದಾನ ಎಲ್ಲ ಕಾಳು ಒಣಗಿಸುವ ಕಣವೇ. ಮೂವತ್ತು ವರ್ಷದಿಂದ ನೋಡುತ್ತ ಬಂದದ್ದನ್ನು ನಾನು ಮರೆತಿದ್ದೆ. ಪಿಚ್ ಇದ್ದ ಜಾಗದಲ್ಲಿ ಒಬ್ಬ ಹೆಣ್ಣುಮಗಳು ತಲೆಗೆ ಸೆರಗು ಕಟ್ಟಿಕೊಂಡು, ಉದ್ದ ಹಿಡಿಕೆಯ ಹಲಗೆಯಿಂದ ಕಾಳು ಹರವುತ್ತಿದ್ದಳು.

"ಯವ್ವಾ, ನಡುವಿಂದಿಷ್ಟು ಕಾಳು ಸರಸಬೇಕಿತ್ತು. ಒಂದ ಚೆಂಡು ಆಡೂದೈತಿ."

"ಒಂದ ಚೆಂಡಿಗೆ ಇಷ್ಟು ಗೊಂಜಾಳ ಸರಸಬೇಕೇನ್ರಿ? ತಲಿ ನೆಟ್ಟಗ ಐತೇನ್ರಿ ನಿಮಗ?" ಎಂದು ತಿರುಗಿದವಳು ನನ್ನನ್ನು ನೋಡಿ ಹಲಗೆ ಕೆಳಗಿಟ್ಟಳು. "ಗಣಿತದ ಸರ! ಗುರ್ತಾ ಸಿಗಲಿಲ್ಲೇನ್ರಿ? ಹತ್ತನೇತ್ತಿಯಾಗ ಒಂದ ಮಾರ್ಕಿಗೆ ನಾಪಾಸ್ ಮಾಡಿದ್ರಿ ನನ್ನ."

ಗುರುತು ಸಿಗಲಿಲ್ಲ. ಹತ್ತನೆಯ ಪರೀಕ್ಷೆಯ ಉತ್ತರಪತ್ರಿಕೆ ನಾವು ನೋಡುವುದಿಲ್ಲ, ಅವು ಬೇರೆ ಕಡೆ ಹೋಗುತ್ತವೆ ಎಂದೆ. "ಬೋರ್ಡ್ ಪರೀಕ್ಷಿ ಅಲ್ರಿ, ನಿಮ್ಮ ಪೂರ್ವಭಾವಿ ಪರೀಕ್ಷಿ. ಅದರಾಗ ನಾಪಾಸ್ ಅಂದ ಕೂಡ್ಲೆ ನಮ್ಮಪ್ಪ ಸಾಲಿ ಬಿಡಿಸಿದ. ಒಂದ ಮಾರ್ಕಿಗೆ ಏನಾಗತೈತಿ, ಹಾಕ್ರಿ ಅಂತ ಬೇಡಿಕೊಂಡೆ. ಲೆಕ್ಕ ಅಂದ್ರ ಲೆಕ್ಕ ಅಂದ್ರಿ" ಎಂದಳು. ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಆ ಒಂದು ಅಂಕವನ್ನು ತಿದ್ದಲು ನಾನು ಯಾವ ಬಸ್ಸು ಹತ್ತಬೇಕು?

ನಾನು ಚಪ್ಪಲಿ ಕಳಚಿಟ್ಟು ಹಲಗೆ ಕೈಗೆ ತೆಗೆದುಕೊಂಡೆ. "ನೀ ಕೂಡವ್ವ, ನಾನ ಸರಸ್ತೇನಿ. ಆಟ ಮುಗದ ಮ್ಯಾಲ ನಾನ ಮತ್ತ ಹರವತೇನಿ" ಎಂದು ಎಳೆಯತೊಡಗಿದೆ. ಹತ್ತು ಮಾರು ಎಳೆಯುವುದರಲ್ಲಿ ಅಂಗಿ ಬೆನ್ನಿಗೆ ಅಂಟಿತು. ಅವಳು ಸ್ವಲ್ಪ ಹೊತ್ತು ನೋಡಿದಳು. "ಹಂಗ ಎಳದ್ರ ಸಂಜಿ ಆಗತೈತ್ರಿ, ಕೊಡ್ರಿ ಇಲ್ಲೆ" ಎಂದು ಹಲಗೆ ಕಸಿದುಕೊಂಡಳು. ಯಾರದೋ ಒಂದು ಚೆಂಡು ನನ್ನಿಂದ ತಪ್ಪಿಹೋಯಿತು ಎಂದು ಎಳೆಯುವವಳ ಪಕ್ಕದಲ್ಲಿ ನಡೆಯುತ್ತ ಹೇಳಿದೆ. ಅವಳು ಎಳೆಯುವುದನ್ನು ಜೋರು ಮಾಡಿದಳು. ಎಂಟರೊಳಗೆ ಪಿಚ್ಚೂ, ಬೌಲರ್ ಓಡಿ ಬರುವಷ್ಟು ದಾರಿಯೂ ತೆರವಾಯಿತು.

ಹಿರೇಕೆರೂರಿನವನು ಅಂಗಡಿಯ ಗೂಡ್ಸ್ ಗಾಡಿಯಲ್ಲಿ ತನ್ನ ತಂಡದ ಏಳು ಜನರನ್ನು ತುಂಬಿಕೊಂಡು ಬಂದ. ಉಳಿದ ಜಾಗಕ್ಕೆ ನಮ್ಮ ಗೌಂಡಿಯೂ ಬ್ಯಾಂಕಿನ ಕ್ಲರ್ಕನೂ ಇನ್ನೊಬ್ಬನೂ ನಿಂತರು. ತಡಸದವನು ಬೈಕಿನಲ್ಲಿ ಒಬ್ಬನೇ ಬಂದ, ಬೆನ್ನಿಗೆ ಬ್ಯಾಟು ಕಟ್ಟಿಕೊಂಡು. ಹಿಡಿಕೆಯ ಮೇಲೆ ಹಗ್ಗ ಬಿಗಿದ ಗುರುತು ಇನ್ನೂ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸಿದರು. ಗೋವಿನಜೋಳ ಮುಟ್ಟಿದರೆ ನಾಲ್ಕು ರನ್ ಎಂದು ನಿಯಮ ಮಾಡಿದೆವು. ಕಾಳಿನ ರಾಶಿ ಒಂದು ಬದಿಗೆ ತೀರ ಹತ್ತಿರ ಇತ್ತು. ಬೌಲರನಿಗೆ ಅದು ಅನ್ಯಾಯವೇ. "ಇರ್ಲಿ ಬಿಡ್ರಿ" ಎಂದ ಅವನು.

ನನ್ನ ಎಡಗಿಸೆಯಲ್ಲಿ ಒಂದೇ ಒಂದು ಹುಣಸೆಬೀಜ ಇತ್ತು. ಮನೆಯಿಂದ ಹೊರಡುವಾಗ ಹೆಂಡತಿ ಅದನ್ನು ಅಂಗೈಯಲ್ಲಿಟ್ಟು, "ಇದನ್ನ ತಿನ್ನಾಕ ಬರೂದಿಲ್ಲ ನೋಡ್ರಿ" ಎಂದಿದ್ದಳು.

ನಿಜ ಹೇಳುತ್ತೇನೆ. ತಡಸದವನು ಹೊಡೆಯಲಿ ಎಂದು ನನ್ನ ಜೀವ ಬೇಡುತ್ತಿತ್ತು. ಅಂಪೈರಿಗೆ ಅದು ಸಲ್ಲದು, ಆದರೆ ಬೇಡುತ್ತಿತ್ತು. ಅವನು ಹೊಡೆದರೆ ನನ್ನ ಪಾಪ ಕಳೆಯುತ್ತದೆ, ಅವನ ಬ್ಯಾಟು ತಾಡಪಾಲಿನಿಂದ ಬಿಡುಗಡೆಯಾಗುತ್ತದೆ. ಬೌಲರ್ ಓಡಿ ಬರುವಾಗ ನಾನು ಸುಣ್ಣದ ಗೆರೆಯ ಮೇಲೆ ಕಣ್ಣಿಟ್ಟೆ. ಕಾಲು ಗೆರೆ ದಾಟಿದರೆ ನೋ ಬಾಲ್, ತಡಸದವನಿಗೆ ಇನ್ನೊಂದು ಚೆಂಡು ಸಿಗುತ್ತದೆ. ಕಾಲು ಗೆರೆಯ ಅಂಚಿಗೆ ಬಂದು ಊರಿತು. ಅರ್ಧ ಬೆರಳು ಒಳಗೇ ಇತ್ತು. ನನ್ನ ಕೈ ತನ್ನಷ್ಟಕ್ಕೆ ಏಳಲು ನೋಡಿತು. ಒಮ್ಮೆ ಹೇಳಿದ್ದನ್ನು ಕೇಳದ ಕೈ ಅದು. ಈ ಸಲ ಅದನ್ನು ಪ್ಯಾಂಟಿಗೆ ಒತ್ತಿ ಹಿಡಿದೆ.

ಚೆಂಡು ಅವನ ಕಾಲಿನ ಬುಡಕ್ಕೇ ಬಂತು. ಅಂಥ ಚೆಂಡನ್ನು ನಾನು ಆ ಮೈದಾನದಲ್ಲಿ ನೋಡಿರಲಿಲ್ಲ. ಬ್ಯಾಟು ಇಳಿಯುವಷ್ಟರಲ್ಲಿ ನಡುವಿನ ಸ್ಟಂಪು ಬುಡಮೇಲಾಗಿ ಹಿಂದೆ ಬಿದ್ದಿತ್ತು. ಯಾರೂ ಕೂಗಲಿಲ್ಲ. ಗೆದ್ದವರೂ ಕೂಗಲಿಲ್ಲ. ಸ್ಟಂಪು ಬಿದ್ದ ಮೇಲೆ ಅಂಪೈರಿನ ಬೆರಳು ಯಾರಿಗೂ ಬೇಕಿರಲಿಲ್ಲ, ಆದರೂ ಎತ್ತಿದೆ. ಬೀಜವನ್ನು ಎಡಗಿಸೆಯಿಂದ ಬಲಗಿಸೆಗೆ ಹಾಕಿದೆ. ನನ್ನ ಕಣ್ಣು ತುಂಬಿ ಬಂತು. ಇಷ್ಟು ಊರು ಅಲೆದು, ಇಷ್ಟು ಜನರನ್ನು ಕೂಡಿಸಿ, ಅವನನ್ನು ಎರಡನೆಯ ಸಲ ಸೋಲಿಸಿದೆನಲ್ಲ ಅನ್ನಿಸಿತು.

ತಡಸದವನು ಬಿದ್ದ ಸ್ಟಂಪನ್ನು ಎತ್ತಿ ನೆಟ್ಟ. ಅದರ ತಲೆಯನ್ನು ಅಂಗೈಯಿಂದ ಬಡಿದು ಗಟ್ಟಿ ಮಾಡಿದ. ಆಮೇಲೆ ನನ್ನ ಕಡೆಗೆ ನಡೆದು ಬಂದ. ನಗದವನ ಮುಖದಲ್ಲಿ ನಗು ಇತ್ತು.

"ಇವತ್ತ ನೆಲ ಡೊಂಕ ಇರಲಿಲ್ರಿ ಸರ. ನಾನ ಕುಣೀಲಿಲ್ಲ" ಎಂದ. "ಅವತ್ತಿನ ಸೋಲು ನಿಮ್ಮದಿತ್ತು. ಅದನ್ನ ನಾ ಹೊತ್ಕೊಂಡು ತಿರಗ್ಯಾಡಾಕತ್ತಿದ್ನಿ. ಇದು ನಂದು. ಅವ್ವನ್ನ ಇನ್ನೊಂದು ವರ್ಷ ಕೇಳಿ ನೋಡ್ತೇನ್ರಿ."

ಅವನು ಅಷ್ಟಕ್ಕೇ ನಿಲ್ಲದೆ ಬೌಲರನ ಹತ್ತಿರ ಹೋದ. ಇಬ್ಬರೂ ಚೆಂಡನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಏನೋ ಮಾತಾಡಿದರು. ಬೌಲರ್ ಬೆರಳು ಎಲ್ಲಿಡಬೇಕೆಂದು ತೋರಿಸಿದ. ಆಮೇಲೆ ಹಿಂದಕ್ಕೆ ನಡೆದು ಮತ್ತೆ ಓಡಿ ಬಂದು ಅದೇ ಚೆಂಡು ಹಾಕಿದ. ತಡಸದವನು ತಡೆದ. ಮತ್ತೊಂದು ಹಾಕಿದ, ಮತ್ತೆ ತಡೆದ. ಬಿಸಿಲು ಏರಿತು. ಹಲಗೆ ಹಿಡಿದವಳು ಸೊಂಟದ ಮೇಲೆ ಕೈಯಿಟ್ಟು, "ಸರ, ಒಂದ ಚೆಂಡು ಅಂದಿದ್ರಿ! ಲೆಕ್ಕ ಅಂದ್ರ ಲೆಕ್ಕ!" ಎಂದು ಕೂಗಿದಳು. ನಾನು ಹೋಗಿ ಹಲಗೆ ತೆಗೆದುಕೊಂಡು, ಅವರು ಆಡುತ್ತಿದ್ದ ಜಾಗದಷ್ಟನ್ನು ಬಿಟ್ಟು, ಉಳಿದ ಕಡೆ ಕಾಳು ಹರವತೊಡಗಿದೆ. ಕೈಗೆ ಎರಡು ಬೊಬ್ಬೆ ಎದ್ದವು.

ಮೊನ್ನೆ ಒಂದು ಭಾನುವಾರ ಯಾವುದೋ ಮದುವೆಗೆಂದು ಹುಬ್ಬಳ್ಳಿ ಬಸ್ಸಿನಲ್ಲಿ ಹೋಗುತ್ತಿದ್ದೆ. ತಡಸ ಹತ್ತಿರ ಬಂದಂತೆ ಕಿಟಕಿಯ ಕಡೆ ಸರಿದು ಕೂತೆ. ಪಂಕ್ಚರ್ ಅಂಗಡಿ ಬಂತು. ಸ್ಟೂಲಿನ ಮೇಲೆ ವಯಸ್ಸಾದ ಹೆಣ್ಣುಮಗಳೊಬ್ಬಳು, ಅವನ ಅವ್ವನೇ ಇರಬೇಕು, ಕೂತು, ಬೈಕಿನವನಿಗೆ ಹುಬ್ಬಳ್ಳಿಯ ದಿಕ್ಕಿಗೆ ಕೈ ತೋರಿಸಿ ಏನೋ ಹೇಳುತ್ತಿದ್ದಳು. ನೀಲಿ ತಾಡಪಾಲು ಹಾಗೇ ಇತ್ತು. ಅದರ ಎರಡೂ ಮೂಲೆಗೆ ಬಿದಿರಿನ ಗಳ ಕೊಟ್ಟಿದ್ದರು.